ಬೆಳಗಿನ ಪಾಸ್

ಇದನ್ನು ನನಗೆ ಮೊದಲು ಹೇಳಿಕೊಟ್ಟವರು ಪುಣೆ ಹತ್ತಿರದ ಭೋಸರಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ಸುಮಿತ್ರಾಬಾಯಿ, ಧಾರವಾಡದ ಕಡೆಯವರು. ಸ್ಟೋರಿನ ಲೆಕ್ಕ ಬರೆಯಲು ನಮ್ಮ ಸಾಫ್ಟ್‌ವೇರ್ ಕಂಪನಿ ಮಾಡಿಕೊಟ್ಟ ವೆಬ್ ಪೇಜಿನಲ್ಲಿ ಅವರು ‘ಸೇವ್’ ಒತ್ತಿದರೆ ಕೆಲವು ಸಲ ಏನೂ ಆಗುತ್ತಿರಲಿಲ್ಲ. ಈ ಹೆಂಗಸಿಗೆ ಕಂಪ್ಯೂಟರ್ ಬರೋದಿಲ್ಲ ಎಂದು ಮ್ಯಾನೇಜರು ಅವರನ್ನು ಪ್ಯಾಕಿಂಗಿಗೆ ಕಳಿಸಲು ಹೊರಟಿದ್ದರು. ನಾನು ಬೆಳಗ್ಗೆಯೆಲ್ಲ ಅವರ ಪಕ್ಕದಲ್ಲಿ ಕೂತು ಪೇಜಿನ ಪಿಎಚ್‌ಪಿ ಕೋಡನ್ನೆಲ್ಲ ಜಾಲಾಡಿದೆ. ‘ಸೇವ್’ ಒತ್ತಿದಾಗ ಪೇಜ್ ಕಳಿಸುವ ಒಂದೊಂದು ಅಜಾಕ್ಸ್ ರಿಕ್ವೆಸ್ಟೂ ಸರ್ವರಿಗೆ ಹೋಗಿ ಸರಿಯಾಗಿಯೇ ಬರುತ್ತಿತ್ತು.

“ಮುಂಜಾನೆ ನೋಡಿದ್ರ ಏನ್ ಸಿಗ್ತದ್ರಿ ಮೇಡಂ? ಅದು ಕೈ ಕೊಡೋದು ಊಟ ಆದಮ್ಯಾಗ,” ಎಂದರು ಸುಮಿತ್ರಾಬಾಯಿ.

ಕಂಪ್ಯೂಟರಿಗೆ ಊಟದ ಹೊತ್ತು ಗೊತ್ತಾಗಲ್ಲ ಎಂದು ನಕ್ಕು, ನಾನು ಊಟಕ್ಕೆ ಹೊರಗೆ ಹೋದೆ. ವಾಪಸ್ ಬಂದರೆ ಗೇಟಿನ ವಾಚ್‌ಮನ್ ನನ್ನ ಬೆಳಗಿನ ಪಾಸ್ ನೋಡಿ, ಇದು ಇನ್ನು ನಡೆಯಲ್ಲ ಎಂದು ತಡೆದ. ಸುಮಿತ್ರಾಬಾಯಿಯೇ ಬಂದು ಹೊಸ ಪಾಸ್ ಬರೆಸಿದರು.

“ಹೊರಗ ಹೋಗಿ ಬಂದ್ರ ಹಳೇ ಪಾಸ್ ನಡೆಯಂಗಿಲ್ರಿ. ನಿಮ್ಮ ಪೇಜೂ ಹಂಗ ಇರಬೇಕ್ ನೋಡ್ರಿ. ತಗದಿಟ್ಟು ಊಟಕ್ಕ ಹೋಗ್ತೀನಿ, ಬಂದು ಒತ್ತಿದ್ರ ಸುಮ್ಮನಿರ್ತದ. ಮುಚ್ಚಿ ಮತ್ತ ತಗದ್ರ ಕೆಲಸ ಮಾಡ್ತದ.”

ಅದೇ ಆಗಿತ್ತು. ಪೇಜ್ ತೆರೆದಾಗ, ನಾವು ಕೋಡ್ ಬರೆಯಲು ಬಳಸಿದ ಫ್ರೇಮ್‌ವರ್ಕ್ ಗೇಟ್ ಪಾಸಿನಂತೆ ಕೊಡುವ ಟೋಕನ್, ಒಂದು ಗಂಟೆ ಯಾರೂ ಮುಟ್ಟದಿದ್ದರೆ ರದ್ದಾಗುತ್ತದೆ. ಆಮೇಲೆ ಬಂದ ರಿಕ್ವೆಸ್ಟನ್ನು ಸರ್ವರ್ ಒಳಗೆ ಬಿಡುವುದಿಲ್ಲ. ವಾಚ್‌ಮನ್ ಆದರೂ ಬಾಯಿಬಿಟ್ಟು ಹೇಳಿದ್ದ. ನಮ್ಮ ಪೇಜ್ ಹೇಳುತ್ತಿರಲಿಲ್ಲ, ಏಕೆಂದರೆ ಹಾಗೆ ಹೇಳುವ ಸಾಲನ್ನು ಕೋಡಿನಲ್ಲಿ ಬರೆಯದೆ ಬಿಟ್ಟವಳು ನಾನೇ.

ಮ್ಯಾನೇಜರ ಮುಂದೆ ಅದನ್ನು ಒಪ್ಪಿಕೊಂಡೆ. ಸುಮಿತ್ರಾಬಾಯಿ ಸ್ಟೋರಿನಲ್ಲೇ ಉಳಿದರು.

ನಿಮ್ಮ ಆಫೀಸಿನಲ್ಲಿ ಯಾರಾದರೂ “ಅವರಿಗೆ ಕಂಪ್ಯೂಟರ್ ಬರೋದಿಲ್ಲ” ಎಂದರೆ ಈ ಸಂಗತಿ ಹೇಳಿ. ಸುಮಿತ್ರಾಬಾಯಿಯ ಹೆಸರು ಹೇಳಿದರೆ ಸಾಕು, ನನ್ನದನ್ನು ಬಿಟ್ಟರೂ ನಡೆಯುತ್ತದೆ.