ದರೆಗೆ ತಾಗಿದ ಮೈನರ್ ಕಾರಿನ ಬೆಲೆ

ಎರಡು ವರ್ಷದ ಹಿಂದೆ, ಫೆಬ್ರವರಿಯ ಮೊದಲ ಶನಿವಾರ, ಬೆಳಿಗ್ಗೆ ಹನ್ನೊಂದರ ಆಸುಪಾಸಿನಲ್ಲಿ ನಾನು ಹಾನುಬಾಳಿನ ಮೇಲಿನ ಒಂದು ತೋಟದಲ್ಲಿ, ಕಾಫಿ ಒಣಗಿಸುವ ಕಣದ ಮೇಲಂಚಿನಲ್ಲಿ ನಿಂತಿದ್ದೆ. ಬೆನ್ನಿಗೆ ನೀರಿನ ತೊಟ್ಟಿ. ಎದುರಿಗೆ, ಸ್ವಲ್ಪ ಓರೆಯಲ್ಲಿ, ಮನೆಯಿಂದ ಕಣಕ್ಕೆ ಇಳಿದು ಬರುವ ಮಣ್ಣಿನ ದಾರಿ. ದಾರಿಯ ಮೇಲ್ತುದಿಯಲ್ಲಿ, ಶೆಡ್ಡಿನ ಮುಂದೆ, ಬೂದು ಬಣ್ಣದ, ಮೈನರ್ ಎಂಬ ಹಳೆಯ ಸಣ್ಣ ಕಾರೊಂದು ಇಳಿಜಾರಿಗೆ ಮೂತಿ ಮಾಡಿ ನಿಂತಿತ್ತು. ನನ್ನ ಬಲಕ್ಕೆ, ಅಂದರೆ ಕಾರಿನ ಎಡಕ್ಕೆ, ಗುಡ್ಡ ಕಡಿದು ಉಳಿದ, ಗೋಡೆಯಂಥ ಮಣ್ಣಿನ ದರೆ. ನನಗೂ ಕಾರಿಗೂ ನಡುವೆ ಮರಗಿಡ ಏನೂ ಅಡ್ಡವಿರಲಿಲ್ಲ.

ಇಷ್ಟನ್ನು ಮೊದಲೇ ಹೇಳುವುದು ಅಭ್ಯಾಸಬಲ. ವಾಹನ ವಿಮೆಯ ಸರ್ವೇಯರ್ ಆಗಿ ನಾನು ದುಡಿದವನು. ಅಪಘಾತ ಕಂಡೆ ಎಂದು ಯಾರೇ ಬಂದರೂ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ನೀವು ಎಲ್ಲಿ ನಿಂತಿದ್ದಿರಿ ಎಂಬುದು. ನಾನು ಹೋಗುತ್ತಿದ್ದದ್ದು ಎಲ್ಲ ಮುಗಿದ ಮೇಲೆ. ಗಾಜು ಗುಡಿಸಿ, ನೆತ್ತರು ತೊಳೆದ ಮೇಲೆ. ಆಗುವುದನ್ನೇ ಕಣ್ಣಾರೆ ಕಂಡದ್ದು ಅದೊಂದು ಸಲ. ಬರೆಯಲು ಕೂತರೆ ಈಗಲೂ ಕೈ ನಿಧಾನವಾಗುತ್ತದೆ.

ನಿವೃತ್ತನಾಗಿ ಆಲೂರಿನಲ್ಲಿ ನೆಲೆಸಿದ ಮೇಲೆ ನನಗೆ ಹತ್ತಿದ ಗೀಳು ಎಂದರೆ, ಹಳೆಯ ಸಣ್ಣ ಕಾರುಗಳಿಗೆ ಯಾವ ದೇಶದಲ್ಲಿ ಎಷ್ಟು ಬೆಲೆ ಎಂದು ಫೋನಿನಲ್ಲಿ ನೋಡುವುದು. ಕೊಳ್ಳುವುದಕ್ಕಲ್ಲ. ಬೇರೆಯವರು ಪಂಚಾಂಗ ನೋಡುವ ಹಾಗೆ. ಒಂದೇ ಕಾರು, ಒಂದೇ ಕಾರ್ಖಾನೆಯಿಂದ ಹೊರಬಿದ್ದದ್ದು, ಸಮುದ್ರ ದಾಟಿದ ಕೂಡಲೇ ಬೇರೆ ಬೆಲೆಯದಾಗುತ್ತದೆ. ಮೈನರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ಚೆನ್ನಾಗಿ ಓಡುವ ಒಂದನ್ನು ನಮ್ಮ ಲೆಕ್ಕದಲ್ಲಿ ನಾಲ್ಕೈದು ಲಕ್ಷಕ್ಕೆ ಕೊಳ್ಳಬಹುದು. ಆದರೆ ಅಲ್ಲಿಯವರು ಮೊದಲು ನೋಡುವುದು ಕಾರಿನ ತಳವನ್ನು. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪು ತಳವನ್ನು ತಿನ್ನುತ್ತದೆ. ಮೇಲೆ ಎಷ್ಟು ಮಿರುಗಿದರೂ ತಳ ಹೋಗಿದ್ದರೆ ಬೆಲೆಯೂ ಹೋಯಿತು. ಶ್ರೀಲಂಕಾದಲ್ಲಿ ಅದೇ ಕಾರಿಗೆ ಕೈ ಹಾಕುವ ಹಾಗಿಲ್ಲ. ಹೊರಗಿನಿಂದ ಕಾರು ತರಿಸುವುದೇ ಕಷ್ಟವಾದ ಊರಿನಲ್ಲಿ ಹಳೆಯದು ಹಳೆಯದಾಗುವುದಿಲ್ಲ. ಆಮೆಬೆನ್ನಿನ ಬೀಟಲ್ ಜರ್ಮನಿಯಲ್ಲಿ ತುಟ್ಟಿ. ಬ್ರೆಜಿಲಿನಲ್ಲಿ ಅದನ್ನು ಜರ್ಮನಿ ನಿಲ್ಲಿಸಿದ ಎಷ್ಟೋ ವರ್ಷದ ಮೇಲೂ ತಯಾರಿಸುತ್ತಿದ್ದುದರಿಂದ ಅಗ್ಗ. ಜಪಾನಿನವರು ಒಂದು ಕಾಲಕ್ಕೆ ಇಂಗ್ಲೆಂಡಿನ ಮಿನಿ ಕಾರುಗಳನ್ನು ಹಡಗುಗಟ್ಟಲೆ ಕೊಂಡುಕೊಂಡರು. ಈಗ ಇಂಗ್ಲೆಂಡಿನವರೇ ಹೋಗಿ ತಮ್ಮ ಕಾರನ್ನು ಜಾಸ್ತಿ ದುಡ್ಡು ಕೊಟ್ಟು ವಾಪಸು ತರುತ್ತಾರಂತೆ. ನಮ್ಮಲ್ಲಿಗೆ ಹೊರಗಿನಿಂದ ತರಿಸಿದರೆ ಸುಂಕವೇ ಕಾರನ್ನು ಮೀರುತ್ತದೆ. ಹಾಗಾಗಿ ಇಲ್ಲೇ ಉಳಿದುಕೊಂಡ, ಕಾಗದಪತ್ರ ಸರಿಯಿರುವ, ಓಡುವ ಮೈನರಿಗೆ ಬೆಲೆ ಇದ್ದೇ ಇದೆ.

ಈ ಗೀಳು ಗೊತ್ತಿದ್ದದ್ದರಿಂದಲೇ ಆ ತೋಟದ ಒಡತಿ ನನಗೆ ಹೇಳಿಕಳಿಸಿದ್ದು. ಎಪ್ಪತ್ತು ದಾಟಿದವರು. ಅವರ ಅಜ್ಜ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದು ತೋಟ ಮಾಡಿದವರು. ಕಾರು ತಂದವರು ಅಪ್ಪ. ಮದುವೆಯಾಗದೆ ತೋಟವನ್ನು ತಾವೇ ನಡೆಸಿದ ಆಕೆ ಆ ಕಾರಿನಲ್ಲಿ ಸಕಲೇಶಪುರದ ಬ್ಯಾಂಕಿಗೆ, ಭಾನುವಾರ ಚರ್ಚಿನ ಪೂಜೆಗೆ, ಗುರುವಾರದ ಇಸ್ಪೀಟಿಗೆ ಒಬ್ಬರೇ ಹೋಗಿ ಬರುತ್ತಿದ್ದರು. ಆನೇಮಹಲಿನ ಹತ್ತಿರ ಹೆದ್ದಾರಿಯಲ್ಲಿ ಲಾರಿಗಳ ಸಾಲಿನ ಹಿಂದೆ ಆ ಬೂದು ಕಾರು ಅವಸರವಿಲ್ಲದೆ ಬರುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಈಗ ಎಡಮೊಣಕಾಲು ಕೈಕೊಟ್ಟಿತ್ತು. ಕ್ಲಚ್ ಒತ್ತಿ ಹಿಡಿಯಲು ಆಗುತ್ತಿರಲಿಲ್ಲ.

‘ಡ್ರೈವರ್ ಇಟ್ಕೊಳ್ಳಿ ಅಂತಾರೆ ಎಲ್ರೂ,’ ಎಂದಿದ್ದರು ಫೋನಿನಲ್ಲಿ. ‘ಇಸ್ಪೀಟು ಮುಗಿಯೋವರೆಗೂ ಒಬ್ಬ ಹೊರಗೆ ಕೂತು ಆಕಳಿಸ್ತಿದ್ರೆ ನಂಗೆ ಆಟ ಓಡಲ್ಲ ಸರ್ವೇಯರ್ರೇ.’

ಹಾಸನದಲ್ಲಿ ಕ್ಲಚ್ ಇಲ್ಲದ ಸಣ್ಣ ಕಾರೊಂದು, ಒಬ್ಬರೇ ಓಡಿಸಿದ್ದು, ಐದು ಲಕ್ಷಕ್ಕೆ ಮಾರಾಟಕ್ಕಿತ್ತು. ಮೈನರ್ ಐದಕ್ಕೆ ಹೋದರೆ ಅದು ಇಲ್ಲಿಗೆ ಬರುತ್ತದೆ. ಬಾರದಿದ್ದರೆ ಆಕೆ ಇನ್ನು ಮೇಲೆ ಎಲ್ಲಿಗೆ ಹೋಗಬೇಕಾದರೂ ಯಾರನ್ನಾದರೂ ಕೇಳಬೇಕು. ಯಾರನ್ನೂ ಕೇಳಿ ಗೊತ್ತಿಲ್ಲದ ಜೀವ ಅದು.

ಕೊಳ್ಳಲು ಬಂದವರು ಮೈಸೂರಿನ ಒಬ್ಬ ಹೋಟೆಲ್ ಮಾಲೀಕರು. ಹಳೆಯ ಕಾರುಗಳ ಹುಚ್ಚು. ಮನೆಯಲ್ಲಿ ಆಗಲೇ ಮೂರಿದ್ದವು. ಒಳ್ಳೆಯ ಮನುಷ್ಯ, ಆದರೆ ವ್ಯಾಪಾರಿ. ಜಗಲಿಯಲ್ಲಿ ಕೂತು ಚೌಕಾಶಿ ಶುರು ಮಾಡಿದರು.

‘ಇಂಗ್ಲೆಂಡಲ್ಲೇ ನಾಲ್ಕಕ್ಕೆ ಸಿಗುತ್ತೆ ಮೇಡಂ. ಬೇಕಾದ್ರೆ ಸಾರ್‌ನ ಕೇಳಿ.’

‘ಸಿಗುತ್ತೆ,’ ಎಂದೆ ನಾನು.

‘ಹಾಗಾದ್ರೆ ಅಲ್ಲೇ ತಗೊಂಡು ಅಲ್ಲೇ ಓಡಾಡ್ಕೊಂಡಿರಿ ಮಾರಾಯ್ರೇ. ಈ ಬಿಸಿಲಲ್ಲಿ ಮೈಸೂರಿಂದ ಯಾಕೆ ಬಂದ್ರಿ?’ ಎಂದರು ಆಕೆ.

ಕಂಬಕ್ಕೆ ಒರಗಿ ನಿಂತಿದ್ದ ತೋಟದ ರೈಟರ್, ಆಳುಗಳ ಲೆಕ್ಕ ನೋಡುವ ವಯಸ್ಸಾದ ಮನುಷ್ಯ, ಗಂಭೀರವಾಗಿಯೇ ಹೇಳಿದ: ‘ಅಲ್ಲಿಂದ ಹಾನುಬಾಳಿಗೆ ಬಸ್ಸೂ ಇಲ್ಲ ಕಣ್ರೀ ಸಾ. ವಾಪಸ್ ಬರೋದು ಕಷ್ಟ ಐತೆ.’

ಹೋಟೆಲಿನವರಿಗೂ ನಗು ಬಂತು. ನನ್ನನ್ನು ಕೇಳಿದಾಗ ನಾನು ಹೇಳಿದ್ದು ಇಷ್ಟು. ಈ ಕಾರು ಉಪ್ಪು ಕಂಡಿಲ್ಲ. ಆಕೆ ಪ್ರತಿ ಮಳೆಗಾಲಕ್ಕೆ ಮುಂಚೆ ತಳಕ್ಕೆ ಹಳೆಯ ಎಂಜಿನ್ ಆಯಿಲ್ ಬಳಿಸಿದ್ದಾರೆ, ನಾನು ಮಲಗಿ ನೋಡಿದ್ದೇನೆ, ತೂತಿಲ್ಲ. ಇಂಥ ತಳಕ್ಕೆ ಇಂಗ್ಲೆಂಡಿನಲ್ಲೂ ಐದು ಕೊಡುತ್ತಾರೆ. ಐದಕ್ಕೆ ಮಾತು ಮುಗಿಯಿತು. ಕೈ ಕುಲುಕಿದರು. ಕಾರನ್ನು ಒಮ್ಮೆ ಸ್ಟಾರ್ಟ್ ಮಾಡಿ ತೋರಿಸುತ್ತೇನೆಂದು ಆಕೆ ಕೀ ತರಲು ಒಳಗೆ ಹೋದರು. ಹೋಟೆಲಿನವರು ಫೋಟೋ ತೆಗೆಯಲು ಶೆಡ್ಡಿನ ಕಡೆ ನಡೆದರು. ನಾನು ರೈಟರ್ ಜೊತೆ ಕಣಕ್ಕೆ ಇಳಿದು ತೊಟ್ಟಿಯಲ್ಲಿ ಕೈ ತೊಳೆದುಕೊಂಡೆ.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಈ ಗುಡ್ಡಗಳಲ್ಲಿ ಹಳೆಯ ಕಾರು, ಜೀಪುಗಳನ್ನು ಇಳಿಜಾರಿಗೆ ಮೂತಿ ಮಾಡಿಯೇ ನಿಲ್ಲಿಸುತ್ತಾರೆ. ಬ್ಯಾಟರಿ ಸತ್ತ ದಿನ ಉರುಳಿಸಿ ಸ್ಟಾರ್ಟ್ ಮಾಡಲು. ಚಕ್ರದ ಮುಂದೆ ಒಂದು ಕಲ್ಲು ಇಡುತ್ತಾರೆ. ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಮಳೆ ಹಿಡಿದ ತಿಂಗಳುಗಳಲ್ಲಿ ಎಳೆದು ಬಿಟ್ಟರೆ ಬ್ರೇಕು ಅಲ್ಲೇ ಕಚ್ಚಿಕೊಂಡು, ಬೆಳಿಗ್ಗೆ ಚಕ್ರ ತಿರುಗುವುದಿಲ್ಲ. ಎಳೆಯದೆ ಎಳೆಯದೆ ಅದರ ತಂತಿ ತುಕ್ಕು ತಿಂದು ಕೊನೆಗೆ ಹಿಡಿಕೆಯೊಂದು ಉಳಿಯುತ್ತದೆ. ಬಯಲುಸೀಮೆಯವರು ಬ್ರೇಕನ್ನು ನಂಬುತ್ತಾರೆ, ನಾವು ಕಲ್ಲನ್ನು ನಂಬುತ್ತೇವೆ.

ಹೋಟೆಲಿನವರು ಕಾರಿನೊಳಗೆ ಬಾಗಿ ಏನೋ ಎಳೆದದ್ದನ್ನು, ಆಮೇಲೆ ಮುಂದಿನ ಚಕ್ರದ ಬಳಿ ಬಗ್ಗಿ ಎದ್ದದ್ದನ್ನು ನಾನು ಕೆಳಗಿನಿಂದ ಕಂಡೆ. ಯಾಕೆ ಬಗ್ಗಿದರೆಂದು ತಿಳಿಯಲಿಲ್ಲ. ಫೋಟೋಕ್ಕೆ ಅಡ್ಡವೆಂದು ಕಲ್ಲು ತೆಗೆದಿಟ್ಟರಂತೆ. ಕಾರು ಗೇರಿನಲ್ಲಿತ್ತು, ಹಾಗಾಗಿ ಅಲ್ಲಾಡಲಿಲ್ಲ. ಅವರು ಫೋನು ಹಿಡಿದು ಹಿಂದಕ್ಕೆ ಹೋದರು. ಆಕೆ ಬಂದು ಒಳಗೆ ಕೂತು ಬಾಗಿಲು ಎಳೆದುಕೊಂಡರು. ಕ್ಲಚ್ ಒತ್ತಿ ಹಿಡಿಯಲಾರದ್ದರಿಂದ ಗೇರು ತೆಗೆದು ನ್ಯೂಟ್ರಲ್ ಮಾಡಿದರು. ಕಲ್ಲು ಇದೆ ಎಂದೇ ಅವರ ಎಣಿಕೆ.

ಕಾರು ಹೊರಟಿತು.

ಎಂಜಿನ್ ಚಾಲೂ ಇಲ್ಲದ ಕಾರು ಎಷ್ಟು ಸದ್ದಿಲ್ಲದೆ ಬರುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೊದಲು ನಡೆಯುವವರ ವೇಗ, ಆಮೇಲೆ ಓಡುವವರ ವೇಗ. ಆಕೆಯ ಮುಖ ನನಗೆ ಕಾಣುತ್ತಿತ್ತು. ಒಮ್ಮೆ ಮೈ ಬಿಗಿದು ಕಾಲು ಒತ್ತಿದರು. ಬಹಳ ತಿಂಗಳಿಂದ ನಿಂತಿದ್ದ ಕಾರು. ಬ್ರೇಕ್ ಪೆಡಲ್ ಸೀದಾ ನೆಲ ಮುಟ್ಟಿತಂತೆ. ಹಾರ್ನ್ ಒತ್ತಿದರು.

ಕಣದಲ್ಲಿ ಮೂವರು ಹೆಂಗಸರು ಕಾಫಿ ಹಣ್ಣು ಹರವಿ, ಸಮನಾಗಿ ಒಣಗಲೆಂದು ಹಲಗೆಯಿಂದ ಎಳೆಯುತ್ತಿದ್ದರು. ಇಬ್ಬರು ಹಾರ್ನ್ ಕೇಳಿ ತಲೆ ಎತ್ತಿ ಪಕ್ಕಕ್ಕೆ ಹಾರಿದರು. ಮೂರನೆಯವಳು ಆಚೆ ಮುಖ ಮಾಡಿ, ದಾರಿಯ ನೇರಕ್ಕೆ, ತನ್ನ ಪಾಡಿಗೆ ಹಣ್ಣು ಎಳೆಯುತ್ತಲೇ ಇದ್ದಳು. ಅವಳಿಗೆ ಕಿವಿ ಕೇಳುವುದಿಲ್ಲ. ಅದು ಒಡತಿಗೆ ಗೊತ್ತು, ರೈಟರಿಗೆ ಗೊತ್ತು, ನನಗೆ ಗೊತ್ತಿರಲಿಲ್ಲ. ರೈಟರ್ ಕೈಯಲ್ಲಿದ್ದ ಲೋಟ ಬಿಟ್ಟು ಓಡಿದ. ನಾನು ನಿಂತಲ್ಲೇ ಇದ್ದೆ.

ಆ ಕ್ಷಣವನ್ನು ನಾನು ಆಮೇಲೆ ಅಳೆದು ನೋಡಿದ್ದೇನೆ. ಕಣ ಅಗಲವಾಗಿತ್ತು, ಸಮತಟ್ಟಾಗಿತ್ತು. ನೇರ ಬಿಟ್ಟಿದ್ದರೆ ಕಾರು ಹರವಿದ ಹಣ್ಣಿನ ಮೇಲೆ ಹೋಗಿ, ವೇಗ ಕಳೆದು, ಒಂದು ಗೆರೆಯೂ ಬೀಳದೆ ನಿಲ್ಲುತ್ತಿತ್ತು. ಓಡಿದ ರೈಟರ್ ಅವಳನ್ನು ಎಳೆದುಕೊಳ್ಳುತ್ತಿದ್ದನೇನೋ. ಎಳೆದುಕೊಳ್ಳುತ್ತಿದ್ದ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆಕೆಯೂ ಹೇಳಲಾರದಾಗಿದ್ದರು. ಸ್ಟಿಯರಿಂಗ್ ಎಡಕ್ಕೆ ತಿರುಗಿತು. ಕೈತಪ್ಪಿ ತಿರುಗಿದ್ದಲ್ಲ, ಎರಡೂ ಕೈಯಲ್ಲಿ ಬಲವಾಗಿ ತಿರುಗಿಸಿ, ತಿರುಗಿಸಿದಲ್ಲೇ ಹಿಡಿದುಕೊಂಡರು. ಕಾರಿನ ಎಡಮೈ ದರೆಗೆ ತಾಗಿತು. ಮಣ್ಣು, ಬೇರು, ಕಲ್ಲು ಉಜ್ಜಿಕೊಂಡು, ತಗಡು ಅರಚುತ್ತಾ ಬಂದು, ಕಣದ ಅಂಚಿಗೆ ಇನ್ನೂ ನಾಲ್ಕು ಮಾರು ಇರುವಾಗ ನಿಂತಿತು.

ಕಿವಿ ಕೇಳದವಳು ಆಗ ತಿರುಗಿದಳು, ರೈಟರ್ ತೋಳು ಹಿಡಿದದ್ದಕ್ಕೆ. ದರೆಗೆ ಅಂಟಿಕೊಂಡ ಕಾರನ್ನು ನೋಡಿ, ಕಿವುಡರ ದೊಡ್ಡ ದನಿಯಲ್ಲಿ ಕೇಳಿದಳು: ‘ಇದ್ಯಾಕ್ರಮ್ಮೋ, ಕಾರ್‌ನ ಅಲ್ಲಿ ನಿಲ್ಲಿಸ್ಬುಟ್ರಿ?’

ಬಲಬಾಗಿಲು ತೆರೆದು ಆಕೆ ತಾವೇ ಇಳಿದರು. ‘ಬೇರೆ ಜಾಗ ಇರ್ಲಿಲ್ಲ ಕಣೇ,’ ಎಂದು ಕೈಸನ್ನೆ ಮಾಡಿದರು.

ಹೋಟೆಲಿನವರು ಮೇಲಿನಿಂದ ಓಡಿ ಬಂದು ಎದುರು ನಿಂತರು. ‘ಮೇಡಂ, ಕಲ್ಲು ನಾನು ತೆಗೆದೆ. ಹ್ಯಾಂಡ್‌ಬ್ರೇಕ್ ಹಾಕಿದ್ದೆ.’

‘ಅದನ್ನ ನಮ್ಮಪ್ಪ ಹೋದ್ಮೇಲೆ ಯಾರೂ ಮುಟ್ಟೇ ಇಲ್ಲ ಮಾರಾಯ್ರೇ. ನಂಗೂ ಹೇಳೋಕೆ ಹೊಳೀಲಿಲ್ಲ,’ ಎಂದರು. ಬೈದದ್ದು ಅಷ್ಟೇ.

ಆಮೇಲೆ ನಡೆದ ವ್ಯಾಪಾರವನ್ನು ನಾನು ನನ್ನ ಕೆಲಸದ ಕಾಲದಲ್ಲಿ ಎಲ್ಲೂ ಕಂಡಿಲ್ಲ. ಹೋಟೆಲಿನವರು ಐದನ್ನೇ ಕೊಡುತ್ತೇನೆಂದರು. ಆಕೆ ಒಪ್ಪಲಿಲ್ಲ.

‘ಸುಟ್ಟ ದೋಸೆಗೆ ಒಳ್ಳೇ ದೋಸೆ ಬೆಲೆ ತಗೋತೀರಾ ನಿಮ್ಮ ಹೋಟ್ಲಲ್ಲಿ?’

‘ಸುಟ್ಟಿದ್ದು ನಾನಲ್ವಾ ಮೇಡಂ.’

‘ದರೆಗೆ ಹಾಕಿದ್ದು ನಾನು. ನೀವು ಹಾಕಿ ಅಂದ್ರಾ? ನಾಲ್ಕು ಕೊಡಿ ಸಾಕು.’

‘ಐದಕ್ಕೆ ಒಂದು ರೂಪಾಯಿ ಕಮ್ಮಿ ಆದ್ರೂ ನಾನು ಕಾರ್ ಮುಟ್ಟಲ್ಲ.’

‘ನಾಲ್ಕಕ್ಕಿಂತ ಜಾಸ್ತಿ ಆದ್ರೆ ನಾನು ಕೀ ಕೊಡಲ್ಲ.’

‘ನೀವೇ ಹೇಳ್ಬುಡಿ ಸಾ,’ ಎಂದ ರೈಟರ್ ನನಗೆ. ‘ಇಲ್ಲಾಂದ್ರೆ ಇವ್ರಿಬ್ರು ಹಿಂಗೇ ಕಿತ್ತಾಡಿ, ಕೊನೇಗೆ ಕಾರು ನನ್ ತಲೆಗೆ ಕಟ್ತಾರೆ.’

ನಾನು ಮಣ್ಣು ಕೊಡವಿ ಎಡಮೈ ನೋಡಿದೆ. ಎರಡು ಮಡ್‌ಗಾರ್ಡ್ ಹೋಗಿದ್ದವು, ಬಾಗಿಲು ನೆಗ್ಗಿತ್ತು. ಇಲ್ಲಿ ಮೈನರಿನ ಮಡ್‌ಗಾರ್ಡ್ ಹುಡುಕಿದರೂ ಸಿಗದು. ಬಡಿದು ಮಾಡುವವರೂ ಕಡಿಮೆ. ಹುಟ್ಟಿದೂರಿನಲ್ಲಿ ಮಾತ್ರ ಅದನ್ನು ಇವತ್ತಿಗೂ ಹೊಸದಾಗಿ ಮಾಡಿ ಮಾರುತ್ತಾರೆ, ನಾಲ್ಕು ಬೋಲ್ಟ್ ಬಿಚ್ಚಿ ಹಾಕಿದರಾಯಿತು. ಒಂದೇ ಪೆಟ್ಟಿಗೂ ಊರೂರಿಗೆ ಬೇರೆ ಬೆಲೆ. ನಾನು ಹೀಗೆ ತೀರ್ಪು ಹೇಳಿದೆ: ಎರಡು ಮಡ್‌ಗಾರ್ಡಿನ ಇಂಗ್ಲೆಂಡಿನ ಬೆಲೆ ಆಕೆಗೆ ಬರುವ ಐದರಲ್ಲಿ ಕಳೆಯುವುದು, ಅವನ್ನು ತರಿಸುವ ಖರ್ಚು, ಸುಂಕ, ಬಾಗಿಲ ತಗಡಿನ ಕೆಲಸ ಹೋಟೆಲಿನವರದ್ದು. ಇಬ್ಬರಿಗೂ ತೃಪ್ತಿಯಾಗಲಿಲ್ಲ. ಅದು ಸರಿಯಾದ ಬೆಲೆಯ ಗುರುತು ಎಂದು ನಮ್ಮ ಕಸುಬಿನಲ್ಲಿ ಹೇಳುತ್ತೇವೆ.

ಕಡಿಮೆ ಬಿದ್ದದ್ದಕ್ಕೆ ಆಕೆ ಮೆಣಸಿನ ಕುಯ್ಲಿನವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಹಾಸನದ ಕಾರು ಬೇರೆಯವರ ಪಾಲಾಯಿತು. ಎಂಟು ವಾರ ಆಕೆ ಇಸ್ಪೀಟಿಗೆ ಬಸ್ಸಿನಲ್ಲಿ ಹೋದರು, ಕುಂಟುತ್ತಾ, ಯಾರನ್ನೂ ಕೇಳದೆ. ಆಮೇಲೆ ಸಿಕ್ಕ ಕ್ಲಚ್ ಇಲ್ಲದ ಕಾರು ಮೊದಲಿನದಕ್ಕಿಂತ ಹಳೆಯದು, ಬಣ್ಣ ಕಿತ್ತಳೆ. ‘ದೂರದಿಂದ್ಲೇ ಕಂಡು ಎಲ್ರೂ ದಾರಿ ಬಿಡ್ತಾರೆ,’ ಎಂದರು. ಈಗಲೂ ಅದರಲ್ಲೇ ಓಡಾಡುತ್ತಾರೆ.

ಆ ಬೆಳಿಗ್ಗೆ ನಡೆದದ್ದನ್ನು ನನ್ನ ಜೊತೆ ಕಂಡವರಲ್ಲಿ ರೈಟರ್ ಹೋದ ಮಳೆಗಾಲದಲ್ಲಿ ತೀರಿಕೊಂಡ. ಉಳಿದವರೆಲ್ಲ ಇದ್ದಾರೆ. ಹೋಟೆಲಿನವರು ಮೈಸೂರಿನಲ್ಲಿದ್ದಾರೆ. ಕಣದಿಂದ ಪಕ್ಕಕ್ಕೆ ಹಾರಿದ ಇಬ್ಬರು, ಅಕ್ಕ ತಂಗಿಯರು, ಅದೇ ತೋಟದ ಆಳುಗಳ ಲೈನುಮನೆಯಲ್ಲಿದ್ದಾರೆ. ಹಾರ್ನ್ ಕೇಳಿದ್ದು ಮೊದಲೋ ಕಾರು ದರೆಗೆ ತಿರುಗಿದ್ದು ಮೊದಲೋ ಎಂದು ಅವರನ್ನು ಕೇಳಿದರೆ ನಾನು ಹೇಳಿದ ಹಾಗೆಯೇ ಹೇಳುತ್ತಾರೆ. ಮೂರನೆಯವಳೂ ಇದ್ದಾಳೆ. ತಾನು ಏನೂ ಕಾಣಲಿಲ್ಲ ಎನ್ನುತ್ತಾಳೆ, ಅದೂ ನಿಜ.