ಹರಕೆ ನನ್ನದು, ನೋವು ತಂಗಿಯದು

ದುರ್ಗಮ್ಮ ತಾಯಿಯನ್ನು ನಂಬಿದ ಅಕ್ಕತಂಗಿಯರೇ, ನನ್ನ ತಂಗಿ ಈರಮ್ಮನಿಗೆ ಹೊಟ್ಟೆನೋವು ಶುರುವಾದದ್ದು ಹೋದ ವರ್ಷದ ಭತ್ತದ ನಾಟಿಯಲ್ಲಿ. ಸಿರಿಗೇರಿಯಲ್ಲಿ ನಾಟಿ ಹಚ್ಚುವ ಹೆಣ್ಣಾಳುಗಳ ಗುಂಪಿಗೆ ನಾನೇ ಮುಂದಾಳು. ಎಲ್ಲರೂ ಬಾಗಿ ಒಂದೇ ಸಾಲಾಗಿ ಹಿಂದಕ್ಕೆ ಸರಿಯಬೇಕು. ಒಬ್ಬಳು ನಿಂತರೆ ಅವಳ ಪಾಲಿನ ಸಾಲು ಪಕ್ಕದವಳ ಮೇಲೆ ಬೀಳುತ್ತದೆ. ಈರಮ್ಮ ಹೊಟ್ಟೆ ಹಿಡಿದು ಬದುವಿನ ಮೇಲೆ ಕೂತುಬಿಡುತ್ತಿದ್ದಳು.

ಸಿರುಗುಪ್ಪದಲ್ಲಿ ಗ್ಯಾಸ್ ಎಂದು ಗುಳಿಗೆ ಕೊಟ್ಟರು. ಬಳ್ಳಾರಿಯಲ್ಲಿ ರಕ್ತ, ಸ್ಕ್ಯಾನಿಂಗ್ ಎಲ್ಲ ಆಯಿತು. ಬಾಯಿಂದ ಪೈಪು ಇಳಿಸಿಯೂ ನೋಡಿದರು. "ಎಲ್ಲಾ ನಾರ್ಮಲ್ ಐತಿ" ಅಂದರು. ಸಂತೋಷಪಡಬೇಕಾದ ನಾನು ಸಿಟ್ಟಾದೆ. ಬಸ್ಸಿನಲ್ಲಿ ಅವಳು ಕಿಟಕಿಯ ಸರಳಿಗೆ ಹಣೆ ಒತ್ತಿ ನರಳುತ್ತಿದ್ದರೆ, "ಸಾಕು ಮಾಡಲೇ, ಮಿಷನ್ನಿಗೆ ಕಾಣದ್ದು ನಿನಗೊಬ್ಬಾಕಿಗೆ ಕಾಣತೈತೇನು?" ಎಂದು ಎಲ್ಲರೆದುರು ಅಂದೆ. ಗದ್ದೆಯಲ್ಲೂ ಅದನ್ನೇ ಹೇಳಿ ನಗಿಸಿದೆ. ಆಮೇಲೆ ಹೆಂಗಸರು ಅವಳನ್ನು "ನಾರ್ಮಲ್ ಈರಮ್ಮ" ಎಂದೇ ಕರೆದರು. ಉಂಡರೆ ನೋವೆಂದು ಅವಳು ಊಟ ಬಿಟ್ಟಳು. ರವಿಕೆಯ ತೋಳುಗಳು ಜೋತುಬಿದ್ದವು.

ಬಾದನಹಟ್ಟಿಯ ಚಿಕ್ಕಮ್ಮ ಹೇಳಿದಂತೆ ಕುರುಗೋಡಿನ ಹತ್ತಿರದ ದುರ್ಗಮ್ಮನ ಗುಡಿಯಲ್ಲಿ ಹರಕೆ ಹೊತ್ತೆ: "ತಾಯೀ, ಈಕಿ ನೋವು ಹೋಗಲಿ, ಈಕಿ ಕೈಲೆ ದೀಡು ನಮಸ್ಕಾರ ಹಾಕಸ್ತೀನಿ." ಅವಳನ್ನು ಒಂದು ಮಾತೂ ಕೇಳಲಿಲ್ಲ. ನೋವು ಹೋಗಲಿಲ್ಲ. ಹರಕೆ ತೀರಿಸದ್ದಕ್ಕೇ ನೋವು ಹೋಗಿಲ್ಲ ಎಂದು ಒಂದು ಮಂಗಳವಾರ ಅವಳನ್ನು ಎಳೆದುಕೊಂಡು ಹೋದೆ.

ದೀಡು ನಮಸ್ಕಾರವೆಂದರೆ ಗುಡಿಯ ಸುತ್ತ ಒದ್ದೆ ಸೀರೆಯಲ್ಲಿ ಕಲ್ಲಿನ ಮೇಲೆ ಬೋರಲು ಮಲಗಬೇಕು. ಕೈ ಚಾಚಿದಲ್ಲಿ ಗೆರೆ ಹಾಕುತ್ತಾರೆ. ಎದ್ದು ಆ ಗೆರೆಯಿಂದ ಮತ್ತೆ ಮಲಗಬೇಕು. ಗೆರೆ ಹಾಕಲು ಅರಿಶಿನ ನೀರಿನಲ್ಲಿ ಅದ್ದಿದ ಬೇವಿನ ಕಡ್ಡಿ ನನ್ನ ಕೈಯಲ್ಲಿತ್ತು. ಗುಡಿಯ ಹಿಂಬದಿಗೆ ಬರುವಷ್ಟರಲ್ಲಿ ಅವಳು ಏಳಲಾರದೆ ಹೋದಳು. ಕೆನ್ನೆಯನ್ನು ಕಲ್ಲಿಗೆ ಒತ್ತಿಯೇ ಕೇಳಿದಳು:

"ಯಕ್ಕಾ, ಹರಕಿ ನಿಂದು, ಹೊಟ್ಟಿ ನಂದು. ನೋವು ಸುಳ್ಳಂತ ನೀನಾ ಹೇಳಿದ್ದಿ. ಮತ್ತ ತಾಯಿ ಮುಂದ ಏನು ಬೇಡಾಕ ಬಂದೀ?"

ಅವಳನ್ನು ಎಬ್ಬಿಸಿ, ಕಡ್ಡಿ ಅವಳಿಗೆ ಕೊಟ್ಟು, ಅವಳು ಬಿದ್ದ ಜಾಗದಿಂದ ನಾನು ಮಲಗಿದೆ. ಕಾದ ಕಲ್ಲು ಹೊಟ್ಟೆಗೆ ತಾಗಿತು. "ತಾಯೀ, ಈಕಿ ನೋವು ಖರೇ ಐತಿ. ನಂಬಲಾರದಾಕಿ ನಾನು" ಎಂದೆ. ಬೇರೇನೂ ಬೇಡಲಿಲ್ಲ. ಈರಮ್ಮ ಗೋಡೆ ಹಿಡಿದು ನಡೆಯುತ್ತ ಗೆರೆ ಹಾಕಿದಳು. ಒಂದು ಕಡೆ, "ಕೈ ಪೂರಾ ಚಾಚಬೇ, ತಾಯಿಗೂ ಮೋಸ ಮಾಡಬ್ಯಾಡ" ಎಂದು ಗದರಿದಳು. ಎಷ್ಟೋ ತಿಂಗಳಿಂದ ನನ್ನೊಡನೆ ಹೀಗೆ ಸಲಿಗೆಯಿಂದ ಮಾತಾಡುವುದನ್ನೇ ಬಿಟ್ಟವಳು ಅವಳು.

ಮತ್ತೆ ಬಳ್ಳಾರಿಗೆ ಹೋದೆವು. ಈ ಸಲ ನಾನು ಬಾಯಿ ಮುಚ್ಚಿ ಕೂತೆ, ಅವಳೇ ಹೇಳಿಕೊಂಡಳು. ಅಲ್ಲಿನ ಪಾರ್ವತಿನಗರದ ಡಾಕ್ಟರಮ್ಮ ಕೊನೆಯವರೆಗೂ ಕೇಳಿ, "ನಾರ್ಮಲ್ ಅಂದ್ರ ನೋವಿಲ್ಲ ಅಂತಲ್ಲಮ್ಮಾ. ಯಾಕಂತ ನಮಗಿನ್ನೂ ತಿಳಿದಿಲ್ಲ, ಅಷ್ಟ" ಅಂದರು. ಈರಮ್ಮ ಅಲ್ಲೇ ಬಿಕ್ಕಿ ಅತ್ತಳು. ತಾಯಿಯೇ ಆ ಬಾಯಿಂದ ಆಡಿಸಿದಳೆಂದು ನಾನು ನಂಬಿದ್ದೇನೆ.

ನೋವು ಹೋಗಿಲ್ಲ. ಕೆಲವು ದಿನ ಅರ್ಧ ರೊಟ್ಟಿ ಉಣ್ಣುತ್ತಾಳೆ, ಕೆಲವು ದಿನ ಅದೂ ಇಲ್ಲ. ಗದ್ದೆಯಲ್ಲಿ ಅವಳ ಸಾಲು ಈಗ ನನ್ನದು. ಮಂಗಳವಾರ ಗುಡಿಯಲ್ಲಿ ನಾನೇ ಮಲಗುತ್ತೇನೆ, ಅವಳು ಗೆರೆ ಹಾಕುತ್ತಾಳೆ. ಇನ್ನೂ ಅವಳನ್ನು ನನ್ನ ಪಕ್ಕದಲ್ಲಿ ಉಳಿಸಿದ ತಾಯಿಗೆ ಶರಣು.