ಕಮಾನ್ ಪಟ್ಟಿಯೊಳಗಿನ ಚುಕ್ಕೆ

ಟಣ್! ಈಗಲೂ ಯಾರಾದರೂ ಸ್ಟೀಲ್ ತಟ್ಟೆ ಬೀಳಿಸಿದರೆ ನನಗೆ ಆ ಸದ್ದೇ ನೆನಪಾಗುತ್ತದೆ. ಔರಾದಿನಿಂದ ಕಮಲನಗರ ಸ್ಟೇಷನ್ನಿಗೆ ಹೋಗುವಾಗ ಟಾಂಗಾದ ಕೆಳಗೆ ಸ್ಪ್ರಿಂಗಿನಂತೆ ಭಾರ ಹೊರುವ ಉಕ್ಕಿನ ಕಮಾನ್ ಪಟ್ಟಿ ಮುರಿದ ಸದ್ದು. ಅದು ಬಾಗಲಿಲ್ಲ, ಕಿರುಗುಟ್ಟಲೂ ಇಲ್ಲ. ಗಾಡಿ ವಾಲಿ ನಾನು, ಅಪ್ಪ, ಅಪ್ಪನ ತಾಯಿ ಆಯಿ, ಎಲ್ಲರೂ ಕರಿಮಣ್ಣಿಗೆ ಬಿದ್ದೆವು. ಆಯಿಯ ಮುಂಗೈ ಮುರಿಯಿತು. ನನ್ನನ್ನು ಸಿಕಂದರಾಬಾದಿನ ಕಾನ್ವೆಂಟಿಗೆ ಒಯ್ಯಬೇಕಿದ್ದ ರೈಲು ತಪ್ಪಿತು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಕೆಲವೇ ತಿಂಗಳು, ಹಿಂದೂ ಮುಸಲ್ಮಾನರ ನಡುವೆ ಶಂಕೆ. ಆಗೆಲ್ಲ ಏನು ಮುರಿದರೂ ಹಿಂದೆ ಯಾರದೋ ಕೈ ಕಾಣುತ್ತಿತ್ತು. ಟಾಂಗಾ ನಮ್ಮ ಓಣಿಯ ಮುಸಲ್ಮಾನ ಟಾಂಗಾವಾಲಾ ಚಾಚಾ ಅವರದು. ನಾನು ಹುಟ್ಟುವ ಮೊದಲಿನಿಂದ ನಮ್ಮ ಮನೆಯ ಸವಾರಿಯೆಲ್ಲ ಅದರಲ್ಲೇ.

“ಬೇಕಂತ್ಲೇ ಕೊಯ್ದಿಟ್ಟಾನ,” ಆಯಿ ನೆಲದ ಮೇಲೆ ಕೂತೇ ಅಂದಳು.

“ನನ್ನ ಗಾಡಿ ನಾನೇ ಕೊಯ್ತೇನೇನ್ರಿ ಆಯಿ? ಕುದುರಿ ಸುದ್ದಾ ನಗ್ತದ.”

ಅಪ್ಪ ಚಾಚಾ ಅವರತ್ತ ನೋಡದೆ ನನ್ನ ಟ್ರಂಕು ಎತ್ತಿಕೊಂಡ. ಅದು ಇನ್ನೂ ಕೆಟ್ಟದ್ದು. ಚಾಚಾ ಮುರಿದ ತುಂಡನ್ನು ಗ್ರೀಸಿನ ಅರಿವೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. “ಲಾರಿ ಕಮಾನಿಂದು, ಬೇಟಿ. ಗಟ್ಟಿ ಉಕ್ಕು ಅಂತ ಹಾಕಿಸಿದ್ದೆ. ನಿಮ್ಮ ದೊಡ್ಡ ಸಾಲ್ಯಾಗ ತೋರಸು. ಕೊಯ್ದದ್ದೋ, ತಾನೇ ಮುರದದ್ದೋ, ಅವ್ರೇ ಹೇಳ್ಲಿ.”

ಆಮೇಲೆ ಮನೆಯವರು ಬೇರೆ ಟಾಂಗಾ ಕರೆದರು. ಓಣಿಯವರೂ ಹಾಗೇ. ನಾನು ರಜೆಗೆ ಬಂದಾಗಲೆಲ್ಲ ಚಾಚಾ ಅವರ ಕುದುರೆ ಬೇವಿನ ಕೆಳಗೆ ಸುಮ್ಮನೆ ನಿಂತಿರುತ್ತಿತ್ತು. ನಾನು ಮುಖ ತಪ್ಪಿಸಿ ಹೋಗುತ್ತಿದ್ದೆ.

ತುಂಡು ಮಾತ್ರ ನನ್ನ ಟ್ರಂಕಿನಲ್ಲೇ ಉಳಿಯಿತು. “ವಾಟ್ ಅ ಟ್ರೆಷರ್!” ಎಂದು ಕಾನ್ವೆಂಟಿನ ಸಿಸ್ಟರ್ ನಗುತ್ತಿದ್ದರು. ಹೈದರಾಬಾದಿನಲ್ಲಿ ಕಾಲೇಜು ಸೇರಿದ ಮೇಲೆ, ಎಂಜಿನಿಯರಿಂಗ್ ಓದುತ್ತಿದ್ದ ಗೆಳತಿಯ ಅಣ್ಣನಿಗೆ ಅದನ್ನು ಕೊಟ್ಟೆ. ಮುರಿದ ಮುಖವನ್ನು ಅವನು ಭೂತಗನ್ನಡಿಯಲ್ಲಿ ತೋರಿಸಿದ. ಒಂದು ಕಪ್ಪು ಚುಕ್ಕೆ. ಅದರ ಸುತ್ತ, ಕೆರೆಗೆ ಕಲ್ಲೆಸೆದಂತೆ, ನುಣ್ಣನೆಯ ಉಂಗುರಗಳು. ಗರಗಸದ ಗುರುತು ಎಲ್ಲೂ ಇರಲಿಲ್ಲ. ಪಕ್ಕದ ಚೂರನ್ನು ಕನ್ನಡಿಯಂತೆ ಉಜ್ಜಿ ಮೈಕ್ರೋಸ್ಕೋಪಿನ ಕೆಳಗಿಟ್ಟಾಗ ಅಂಥ ಇನ್ನಷ್ಟು ಚುಕ್ಕೆಗಳು ಕಂಡವು. ಉಕ್ಕು ಕರಗಿಸುವಾಗ ಉಳಿದುಹೋದ ಕಿಟ್ಟದ ಕಣಗಳು ಅವು. ಇನ್‌ಕ್ಲೂಷನ್ಸ್ ಅಂದ. ಮೆದು ಕಬ್ಬಿಣವಾದರೆ ಅಂಥ ಕಣದ ಸುತ್ತ ಹಿಗ್ಗಿ ತಾಳಿಕೊಳ್ಳುತ್ತದೆ. ಇಷ್ಟು ಗಟ್ಟಿ ಉಕ್ಕು ಹಿಗ್ಗಲಾರದು, ಬಿರುಕು ಒಳಗೊಳಗೇ ಬೆಳೆದು ಒಂದು ದಿನ ಫಟ್ಟನೆ ಮುರಿಯುತ್ತದೆ. “ಸ್ಟ್ರಾಂಗ್ ಇದೆ. ಆದರೆ ಟಫ್ ಅಲ್ಲ, ಬಿರುಕು ತಾಳಲಾರದು.”

ಆ ರಜೆಗೆ ಊರಿಗೆ ಬಂದವಳೇ ಆಯಿಯ ಮುಂದೆ ಕೂತು ಚುಕ್ಕೆಯ ವಿಷಯ ಹೇಳಿದೆ.

“ಸಾಸಿವಿಗಿಂತ ಸಣ್ಣದು?”

“ಅದರ ಮುಂದ ಸಾಸಿವಿ ಕುಂಬಳಕಾಯಿ, ಆಯಿ.”

“ಯಾರ ಹಾಕಿದ್ರು ಅದನ್ನ?”

“ಯಾರೂ ಹಾಕಿಲ್ಲ.”

ಸೊಟ್ಟಗೆ ಕೂಡಿದ ಮುಂಗೈಯನ್ನು ಆಯಿ ಬಹಳ ಹೊತ್ತು ತಿಕ್ಕಿಕೊಂಡಳು. ನಾನು ಹೊರಡುವ ದಿನ ಅಪ್ಪನಿಗೆ ಅಂದಳು: “ಅವನ್ನೇ ಕರಿ. ನಾನೂ ಸ್ಟೇಷನ್ನಿಗೆ ಬರ್ತೇನಿ.”

ಟಾಂಗಾದಲ್ಲಿ ಚಾಚಾ ಅವರ ಬೆನ್ನಿಗೆ ಹೇಳಿದಳು: “ನಿನ್ನ ಕಮಾನಿನೊಳಗ ಕಸ ಇತ್ತಂತೋ.”

“ಕುದುರಿಯೊಳಗೂ ಭಾಳ ಅದರಿ ಆಯಿ. ಆದ್ರೂ ನಡೀತದ.”

ಆಯಿ ನಕ್ಕಳು. ಅಪ್ಪನೂ ನಕ್ಕ.

ಮುಂದಿನ ರಜೆಗೆ ನಾನು ಬರುವಷ್ಟರಲ್ಲಿ ಚಾಚಾ ತೀರಿಕೊಂಡಿದ್ದರು. ನಾನು ಅವರನ್ನು ಕೊನೆಗೆ ಕಂಡದ್ದು ಅವತ್ತು, ಭಾಲ್ಕಿಯ ಕಡೆಗೆ ಹೊರಟ ರೈಲಿನ ಕಿಟಕಿಯಿಂದ. ಟಾಂಗಾ ಔರಾದಿನ ದಾರಿ ಹಿಡಿದಿತ್ತು. ಆಯಿ ಸೊಟ್ಟ ಕೈಯಿಂದ ಸರಳು ಹಿಡಿದು ಕೂತಿದ್ದಳು. ರಸ್ತೆ ಕೆಟ್ಟಿತ್ತು, ಚಾಚಾ ಕೆಳಗಿಳಿದು, ಲಗಾಮು ಹಿಡಿದು, ಕುದುರೆಯ ಜೊತೆ ಮೆಲ್ಲಗೆ ನಡೆಯುತ್ತಿದ್ದರು.